ಬಸ್ಸಿನಲ್ಲಿ ಕಡಲಯಾನ

ದೋಣಿಯಲ್ಲಿ ಕೂರಲಾರದ ಮನುಷ್ಯನೊಬ್ಬ ಒಂದಿಡೀ ಕರಾವಳಿಯ ಬಂದರುಗಳನ್ನು ಬಲ್ಲವನಾಗಿದ್ದ ಎಂದರೆ ನಂಬುವುದು ಕಷ್ಟ. ಹೋದ ತಿಂಗಳು ತೀರಿಕೊಂಡ ನನ್ನ ಗೆಳೆಯನಿಗೆ, ಪಕ್ಕದಂಗಡಿಯ ದರ್ಜಿಗೆ, ದಡಕ್ಕೆ ಕಟ್ಟಿಹಾಕಿದ ದೋಣಿಯಲ್ಲಿ ಕಾಲಿಟ್ಟರೂ ಹೊಟ್ಟೆ ತೊಳಸುತ್ತಿತ್ತು. ಕೊಡದಲ್ಲಿ ನೀರು ತುಳುಕಿದರೂ ಮುಖ ತಿರುಗಿಸುತ್ತಾನೆಂದು ಅವನ ನಾದಿನಿ ಗೇಲಿ ಮಾಡುತ್ತಿದ್ದಳು. ಅಂಥವನು ಮದುವೆಯಾದದ್ದು ದೋಣಿ ಕಟ್ಟುವವರ ಮನೆಯ ಮಗಳನ್ನು. ಬೇಸಿಗೆ ಬಂತೆಂದರೆ ಆಕೆ, ನಾನು ಅತ್ತಿಗೆ ಎನ್ನುತ್ತಿದ್ದವರು, ತಂಗಿಯನ್ನು ಜೊತೆಗೆ ಹಾಕಿಕೊಂಡು, ತಂದೆ ಬಿಟ್ಟುಹೋದ ಹಾಯಿದೋಣಿಯಲ್ಲಿ, ಒಂದೊಂದು ಬಂದರಿನಲ್ಲೂ ತಂಗುತ್ತ ಕರಾವಳಿಗುಂಟ ತೆಂಕಣಕ್ಕೆ ಹೊರಡುತ್ತಿದ್ದರು. ಇವನು ಅಂಗಡಿಗೆ ಬೀಗ ಹಾಕಿ ಬಸ್ಸು ಹತ್ತುತ್ತಿದ್ದ. ದೋಣಿ ಬರುವ ಹೊತ್ತಿಗೆ ದೋಣಿಗಳು ಬಂದು ನಿಲ್ಲುವ ಧಕ್ಕೆಯ ಮೇಲೆ ನಿಂತಿರುತ್ತಿದ್ದ, ಎಸೆದ ಹಗ್ಗ ಹಿಡಿಯಲು.

ನಡೆಯುವಾಗ ಅವನ ಬಲಭುಜ ತುಸು ಮುಂದಿರುತ್ತಿತ್ತು, ಬಿಗಿಯಾದ ಬಾಗಿಲೊಂದನ್ನು ತಳ್ಳಿಕೊಂಡು ಹೋಗುವವನಂತೆ. ಮೈಮೇಲೆ ಹಳೆಯ ಹಾಯಿಬಟ್ಟೆಯಲ್ಲಿ ತಾನೇ ಹೊಲಿದುಕೊಂಡ ಕೋಟು. ಅದೆಷ್ಟು ಬಿರುಸೆಂದರೆ ಅವನು ಕೂತರೂ ಕೋಟು ನಿಂತೇ ಇದೆಯೆಂದು ಕಾಣುತ್ತಿತ್ತು. ಬಸ್ಸಿಳಿದವನು ಊಟದ ಯೋಚನೆಯನ್ನೂ ಮಾಡದೆ ಧಕ್ಕೆಗೆ ಹೋಗಿ ಪ್ರಶ್ನೆಗಳನ್ನು ಬಿಚ್ಚುತ್ತಿದ್ದ. ಕುಡಿಯುವ ನೀರಿನ ನಲ್ಲಿ ಎಲ್ಲಿದೆ, ಕಡಲು ಉಬ್ಬಿ ಭರತ ಬಂದಾಗ ಯಾವ ಮೆಟ್ಟಿಲವರೆಗೆ ನೀರೇರುತ್ತದೆ, ದೋಣಿ ಕಟ್ಟುವ ಗೋಡೆಯ ಯಾವ ಕಬ್ಬಿಣದ ಬಳೆ ತುಕ್ಕು ಹಿಡಿದಿದೆ, ಐಸ್ ಕಾರ್ಖಾನೆಯ ಗೋಡೆಗೆ ಯಾಕೆ ಅರ್ಧ ಮಾತ್ರ ಬಣ್ಣ, ಆ ಕುಂಟು ಬೆಕ್ಕು ಯಾರದು? ಹಗ್ಗ ಹಿಡಿಯುವವನಿಗೆ ಬೆಕ್ಕಿನ ಉಸಾಬರಿ ಯಾಕೆಂದು ಬಲೆ ಹೆಣೆಯುತ್ತಿದ್ದ ಹೆಂಗಸೊಬ್ಬಳಿಗೆ ಅನ್ನಿಸಿರಬೇಕು.

"ಏನಣ್ಣ, ಬಂದರು ಕೊಂಡ್ಕೊಳ್ಳೋಕೆ ಬಂದಿದ್ದೀರಾ?"

"ಇಲ್ಲಮ್ಮ, ಹೆಂಡ್ತಿ ಬರ್ತಿದಾಳೆ. ಬಂದ ಕೂಡ್ಲೇ ಎಲ್ಲಾ ಕೇಳ್ತಾಳೆ. ಗೊತ್ತಿಲ್ಲ ಅಂದ್ರೆ ನನ್ನ ಗತಿ?"

ಸಂಜೆಯಾಗುವಷ್ಟರಲ್ಲಿ, ನಾದಿನಿ ದೋಣಿಯಿಂದ ‘ಭಾವ’ ಎಂದು ಕೂಗುವುದನ್ನು ಕೇಳಿಸಿಕೊಂಡು, ಬಂದರಿನವರೆಲ್ಲ ಅವನನ್ನು ಭಾವ ಎನ್ನತೊಡಗುತ್ತಿದ್ದರು.

ಒಂದು ವರ್ಷ ದೋಣಿ ತಡವಾಯಿತೆಂದು ಅವನು ಕಂಗಾಲಾಗಿ ಬಂದರಿನ ಕಚೇರಿಗೆ ಓಡಿ ರಕ್ಷಣಾ ಬೋಟು ಹೊರಡಿಸಿದ್ದನಂತೆ. ಅತ್ತಿಗೆಯಾದರೋ ಗಾಳಿ ತಿರುಗಲಿ ಎಂದು ಭೂಶಿರವೊಂದರ ಮರೆಯಲ್ಲಿ ಲಂಗರು ಹಾಕಿ, ನಿಶ್ಚಿಂತೆಯಿಂದ ಅಡುಗೆಗೆ ಕೂತಿದ್ದರು. ಸೈರನ್ ಮೊಳಗಿಸುವ ಬೋಟಿನ ಹಿಂದೆ, ಊರೆಲ್ಲ ನೋಡುತ್ತಿರುವಾಗ ಬಂದರಿಗೆ ಬಂದ ಅತ್ತಿಗೆ ಅವನಿಗೆ ಒಂದೇ ಮಾತು ಆಡಿದರು: "ನನ್ನ ಕೈ ಮೇಲೆ ನಂಬಿಕೆ ಇಲ್ಲ ಅಂದ್ರೆ ಹೇಳಿಬಿಡಿ, ದೋಣಿ ಮಾರಿಬಿಡ್ತೀನಿ." ಆಕೆ ಮಾರಿಯೇ ಬಿಡುವವರೆಂದು ಅವನಿಗೆ ಗೊತ್ತಿತ್ತು; ಮಾರಿದ ಮೇಲೆ ಆಕೆಯ ಮುಖ ಹೇಗಿರುತ್ತದೆಂದೂ ಗೊತ್ತಿತ್ತು. ಇನ್ನು ಮೇಲೆ ಸಹಾಯಕ್ಕೆ ಕರೆಯುವುದು, ಬಿಡುವುದು ಆಕೆಗೇ ಸೇರಿದ್ದು, ತಾನು ಯಾರನ್ನೂ ಕರೆಯುವುದಿಲ್ಲ ಎಂದು ಮಾತು ಕೊಟ್ಟ.

ಅದಾದ ಎಷ್ಟೋ ವರ್ಷಗಳ ಮೇಲೆ ನಾನೂ ಒಮ್ಮೆ ಅವನ ಜೊತೆ ಬಸ್ಸಿನಲ್ಲಿ ಹೋದೆ. ಹಿಂದಿನ ವರ್ಷಗಳಲ್ಲೂ ಅವನು ಬಂದುಹೋಗಿದ್ದ ಪುಟ್ಟ ಬಂದರು. ಬೆಳಿಗ್ಗೆ ಗಾಳಿ ಹುಚ್ಚೆದ್ದು ಬೀಸಿ ಆಮೇಲೆ ಸತ್ತುಹೋಗಿತ್ತು. ಮಧ್ಯಾಹ್ನದ ಊಟಕ್ಕೆ ಬರಬೇಕಿದ್ದ ದೋಣಿ ಬಿಸಿಲು ಇಳಿದರೂ ಬರಲಿಲ್ಲ. ಕಚೇರಿಯ ಅಧಿಕಾರಿ ತಾವಾಗಿಯೇ ಬಂದರು.

"ಏನ್ ಭಾವ, ಬೋಟ್ ಕಳಿಸ್ಲಾ?"

"ಬೇಡ ಸಾರ್."

ನನಗೆ ರೇಗಿತು. "ತಲೆ ಕೆಟ್ಟಿದೆಯೇನೋ? ಏನಾದ್ರೂ ಆಗಿದ್ರೆ?"

"ಆಗಿದ್ರೆ ಸಹಾಯಕ್ಕೆ ಅಂತ ಆಕಾಶಕ್ಕೆ ಕೆಂಪು ಬಾಣ ಬಿಡ್ತಾಳೆ. ಬಿಟ್ಟಿಲ್ಲ."

"ಬಿಡೋ ಸ್ಥಿತೀಲಿ ಇಲ್ದಿದ್ರೆ?"

ಅವನು ಕೋಟಿನ ಗುಂಡಿಗಳನ್ನು ಕತ್ತಿನವರೆಗೂ ಹಾಕಿಕೊಂಡು, ಭುಜ ಮುಂದೆ ಮಾಡಿ, ಮೋಟಾರು ದೋಣಿಯ ಮೀನುಗಾರನೊಬ್ಬನ ಬಳಿ ಹೋದ.

"ಆ ಭೂಶಿರದ ತನಕ ಒಂದು ಸುತ್ತು ಕರ್ಕೊಂಡು ಹೋಗ್ತೀರಾ?"

"ಏನಕ್ಕೆ?"

"ಸುಮ್ನೆ. ಗಾಳಿ ಸೇವನೆಗೆ."

ಮೀನುಗಾರ ಅವನನ್ನು ಮೇಲಿಂದ ಕೆಳಗೆ ನೋಡಿದ. "ದೋಣಿ ನೋಡಿದ್ದಕ್ಕೇ ಮುಖ ಹೀಗಾಗಿದೆಯಲ್ಲ ಭಾವ."

"ಅದಕ್ಕೇ ಬೇಗ ಹೊರಡಿ."

ನಾನೂ ಹತ್ತಿದೆ. ಅಲೆತಡೆ ಗೋಡೆ ದಾಟುವ ಮೊದಲೇ ಅವನಿಗೆ ವಾಂತಿ ಶುರುವಾಯಿತು. ಎರಡು ವಾಂತಿಯ ನಡುವೆ ತಲೆಯೆತ್ತಿ ದಿಗಂತವನ್ನು ನೋಡುತ್ತಿದ್ದ. ಅಷ್ಟು ಭಯಪಟ್ಟ ಕಣ್ಣುಗಳನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಭೂಶಿರ ಸುತ್ತಿದಾಗ ದೋಣಿ ಕಾಣಿಸಿತು. ಲಂಗರು ಹಾಕಿ ನಿಂತಿತ್ತು. ದೊಡ್ಡ ಹಾಯಿ ಉದ್ದಕ್ಕೂ ಹರಿದಿತ್ತು; ಅಕ್ಕತಂಗಿಯರಿಬ್ಬರೂ ಅದನ್ನು ತೊಡೆಯ ಮೇಲೆ ಹರಡಿಕೊಂಡು ಹೊಲಿಯುತ್ತ ಕೂತಿದ್ದರು. ನೀರಿನ ಮೇಲೆ ಮಾತು ಸ್ಪಷ್ಟವಾಗಿ ತೇಲಿ ಬಂತು.

"ಅಕ್ಕಾ, ಭಾವ."

"ಇಲ್ಲಿಂದ ಧಕ್ಕೆ ಎಲ್ಲಿ ಕಾಣುತ್ತೆ ನಿಂಗೆ?"

"ಧಕ್ಕೇಲಲ್ಲ ಅಕ್ಕಾ. ದೋಣೀಲಿ."

ಅತ್ತಿಗೆ ಎದ್ದು ನಿಂತರು. ಮೊದಲು ನೋಡಿದ್ದು ಅವನನ್ನಲ್ಲ, ನಮ್ಮ ಹಿಂದಿನ ಸಮುದ್ರವನ್ನು. ಅಲ್ಲಿ ಯಾವ ರಕ್ಷಣಾ ಬೋಟೂ ಇರಲಿಲ್ಲ.

"ಯಾರನ್ನ ಕರೆದ್ರಿ?"

"ಯಾರನ್ನೂ ಇಲ್ಲ. ನಾನೇ ಬಂದೆ. ಸುಮ್ನೆ." ಅಷ್ಟು ಹೇಳಿ ಮತ್ತೆ ಬಗ್ಗಿದ. ಈ ಸಲ ಕಡಲಿನವರೆಗೆ ತಲುಪಲಾಗಲಿಲ್ಲ.

ಆಕೆ ಸೂಜಿಯನ್ನು ಹಾಯಿಗೆ ಚುಚ್ಚಿಟ್ಟರು. ಆಮೇಲೆ ಕೈ ಚಾಚಿದರು. "ಬೇರೆಯವರ ದೋಣಿ ಯಾಕೆ ಗಲೀಜು ಮಾಡ್ತೀರಿ? ನಮ್ಮದಕ್ಕೆ ಬನ್ನಿ."

ಅವನು ಹತ್ತಿದ. ಕೂತ ಕೂಡಲೇ ಹಾಯಿಯನ್ನು ಎಳೆದುಕೊಂಡು, ಹಾಕಿದ್ದ ಹೊಲಿಗೆ ನೋಡಿ, "ಇದೇನು ಮೂಟೆ ಹೊಲಿದಿದ್ದೀರಾ?" ಎಂದು ಬಿಚ್ಚತೊಡಗಿದ. ನಾನು ಮೀನುಗಾರನ ಜೊತೆ ಹಿಂದಿರುಗುವಾಗ, ನಾಲ್ಕು ಹೊಲಿಗೆ ಹಾಕುವುದು, ಕಡಲಿಗೆ ಬಗ್ಗುವುದು, ಬಾಯಿ ಒರೆಸಿಕೊಂಡು ಮತ್ತೆ ಹೊಲಿಯುವುದು ನಡೆದೇ ಇತ್ತು. ಅತ್ತಿಗೆ ಅವನ ಕೋಟನ್ನು ಹಿಂದಿನಿಂದ ಹಿಡಿದುಕೊಂಡಿದ್ದರು.

ತಾವು ಹೋಗಲಾರದ ಕಡೆಗೆ ತಮ್ಮವರನ್ನು ಕಳಿಸಿ ಕಾಯುವ ಜನರಿದ್ದಾರೆ. ಅವರನ್ನು ಸಾಧುಗಳೆಂದೋ, ಹೆಂಡತಿಗೆ ಹೆದರುವವರೆಂದೋ ತಿಳಿದು ನಾವು ಸುಮ್ಮನಾಗುತ್ತೇವೆ. ಅವರ ದಿಗಿಲು ನಮ್ಮದಕ್ಕಿಂತ ಕಡಿಮೆಯೇನಲ್ಲ. ಅದನ್ನು ಪ್ರೀತಿಯ ಹೆಸರಿನಲ್ಲಿ ಇನ್ನೊಬ್ಬರ ಕಾಲಿಗೆ ಕಟ್ಟುವುದಿಲ್ಲ, ಅಷ್ಟೇ. ತೀರಾ ತಡೆಯಲಾಗದಾಗ ಅದನ್ನು ಹೊತ್ತುಕೊಂಡು ತಾವೇ ಹೊರಡುತ್ತಾರೆ, ಕೇಳಿದರೆ ಸುಮ್ಮನೆ ಬಂದೆ ಎನ್ನುತ್ತಾರೆ.