ಹಳದಿ ಗೋಡೆ ಬಂತು ನೋಡಿ

ಹೊರಡುವ ಮುಂಚೆಯೇ ಕರಾರಾಗಿತ್ತು. ಸಮುದ್ರದಂಚಿನ ದೀಪಸ್ತಂಭ ತಲುಪುವಷ್ಟರಲ್ಲಿ ಅಪ್ಪ ಒಂದೇ ಒಂದು ತಪ್ಪು ಮಾಡಿದರೂ ಕಾರಿನ ಕೀಲಿಕೈ ನನ್ನದು. ಮಾಡದಿದ್ದರೆ ಆ ವಿಷಯದಲ್ಲಿ ನಾನು ಇನ್ನು ತುಟಿ ಪಿಟಕ್ಕೆನ್ನುವಂತಿಲ್ಲ. ಹೋದ ತಿಂಗಳು ಮನೆಯ ಗೇಟಿಗೆ ಗುದ್ದಿ, ತಪ್ಪೆಲ್ಲ ಗೇಟಿನದೇ ಎಂದು ವಾದಿಸಿದ ಮನುಷ್ಯ ಅವರು. ಎಪ್ಪತ್ತು ದಾಟಿದೆ.

ಈ ಕರಾವಳಿ ರಸ್ತೆಯಲ್ಲಿ ಅಪ್ಪ ಮೂವತ್ತೊಂದು ವರ್ಷ ಬಸ್ಸು ಓಡಿಸಿದ್ದಾರೆ. ಒಂದು ಬದಿಗೆ ಬಂಡೆ, ಇನ್ನೊಂದು ಬದಿಗೆ ನೇರ ಕೆಳಗೆ ಸಮುದ್ರ. ತಡೆಗೋಡೆ ಎಂದರೆ ಅಲ್ಲೊಂದು ಇಲ್ಲೊಂದು ಗಿಡ್ಡ ಕಲ್ಲು. ಅಷ್ಟು ವರ್ಷದಲ್ಲಿ ಒಂದು ದಿನವೂ ಸಮುದ್ರದ ಕಡೆ ಕಣ್ಣು ಹಾಯಿಸಿಲ್ಲವೆಂದು ಅವರಿಗೆ ಬಲು ಹೆಮ್ಮೆ. "ಸಮುದ್ರ ನೋಡೋ ಡ್ರೈವರು ಎಲ್ಲರನ್ನೂ ಅಲ್ಲಿಗೇ ಕರ್ಕೊಂಡು ಹೋಗ್ತಾನೆ. ನಿವೃತ್ತಿ ಆದ್ಮೇಲೆ ಆರಾಮಾಗಿ ನೋಡ್ತೀನಿ" ಎನ್ನುತ್ತಿದ್ದರು. ನಿವೃತ್ತಿಯಾಗಿ ಹನ್ನೆರಡು ವರ್ಷವಾದರೂ ಸ್ಟೀರಿಂಗ್ ಚಕ್ರ ಬಿಟ್ಟರೆ ತಾನೇ ನೋಡುವುದು.

ಅಮ್ಮ ಅವರ ಪಕ್ಕ ಕೂತಿದ್ದಳು, ನಾನು ಹಿಂದೆ, ನನ್ನ ಪಕ್ಕ ಐದು ವರ್ಷದ ಮಗಳು ಗುಬ್ಬಿ. ನಾನು ಎರಡೂ ಮುಂಗೈಯನ್ನು ಮುಂದಿನ ಸೀಟಿಗೆ ಆನಿಸಿ, ಪರೀಕ್ಷೆಯ ಕೋಣೆಯಲ್ಲಿ ಕಾಪಿ ಹಿಡಿಯುವವಳ ಹಾಗೆ ಅಪ್ಪನನ್ನೇ ಕಾಯುತ್ತಿದ್ದೆ. ನಾನಿರುವುದೇ ಮೇಷ್ಟರ ಕೆಲಸದಲ್ಲಿ. ಒಂದು ಗಂಟೆಯಾದರೂ ಅಪ್ಪನ ಕೈಯಲ್ಲಿ ಎಳ್ಳಷ್ಟೂ ತಪ್ಪಿಲ್ಲ. ನನಗೆ ಸಮಾಧಾನವಾಗುವುದರ ಬದಲು ಸಿಟ್ಟು ಬರುತ್ತಿತ್ತು.

ಸಿಟ್ಟಿಗೆ ಇನ್ನೊಂದು ಕಾರಣ ಅಮ್ಮನ ಬಾಯಿ. ಹೊರಟಾಗಿನಿಂದ ಒಂದೇ ಸಮ.

"ಅಯ್ಯೋ, ಎದುರಿಗೆ ಎಂಥಾ ದೊಡ್ಡ ಹಾಲಿನ ಲಾರಿ ನೋಡ್ರೀ. ಸೇತುವೆ ಬಂದೇಬಿಡ್ತು. ಈ ಸೈಕಲ್ಲಿನವನಿಗೆ ಬದಿಗೆ ಹೋಗೋಕೇನು ರೋಗ? ಹೋದ, ಸದ್ಯ. ಇನ್ನೇನು ಹಳದಿ ಗೋಡೆ ಬರತ್ತೆ."

ನನ್ನ ತಲೆ ಸಿಡಿಯತೊಡಗಿತು. "ಅಮ್ಮಾ, ಸಾಕು. ದೀಪಸ್ತಂಭ ಬರೋವರೆಗೂ ಇನ್ನು ಒಂದೇ ಒಂದು ಮಾತು ಬೇಡ. ಅಪ್ಪನ ಗಮನ ತಪ್ಪತ್ತೆ."

ಇದು ನಾನು ತರಗತಿಯಲ್ಲಿ ಬಳಸುವ ದನಿ. ನಲವತ್ತು ಮಕ್ಕಳು ಇದಕ್ಕೆ ತೆಪ್ಪಗಾಗುತ್ತಾರೆ. ಅಮ್ಮನೂ ತೆಪ್ಪಗಾದಳು. ಅಪ್ಪ ಏನೋ ಹೇಳಲು ಹೋಗಿ ನುಂಗಿಕೊಂಡರು. ಕಾರಿನ ವೇಗ ಇಳಿಯಿತು. ಗಾಳಿ ತಣ್ಣಗಿದ್ದರೂ ಅವರ ಕತ್ತಿನ ಮೇಲೆ ಬೆವರು ಮೂಡಿದ್ದು ನನಗೆ ಕಂಡಿತು.

ಅಮ್ಮ ಬೆರಳಿನಿಂದ ಮುಂದಿನ ಡ್ಯಾಶ್‌ಬೋರ್ಡನ್ನು ತಟ್ಟತೊಡಗಿದಳು. ಒಂದು ತಟ್ಟು, ಸ್ವಲ್ಪ ಬಿಟ್ಟು ಎರಡು ತಟ್ಟು.

"ತಟ್ಟಲೂಬೇಡಮ್ಮ" ಎಂದೆ.

ಕೈ ಮಡಿಲಿಗೆ ಹೋಯಿತು. ಮುಂದೆ ಹಳದಿ ಗೋಡೆ ಕಾಣಿಸಿತು. ಅಲ್ಲಿ ರಸ್ತೆ ಬಲಕ್ಕೆ ಹೊರಳುತ್ತದೆ. ನೇರ ಹೋದರೆ ಆಕಾಶ. ಅಮ್ಮ ಬಾಯಿ ತೆರೆದಳು. ತೆರೆದವಳು, ಅಪ್ಪಣೆ ಕೇಳುವ ಮಗುವಿನಂತೆ, ಮೊದಲು ತಿರುಗಿ ನನ್ನ ಮುಖ ನೋಡಿದಳು.

ಆ ಒಂದು ಕ್ಷಣ ಕಾರು ನೇರ ಹೋಯಿತು.

"ಬಲಕ್ಕೆ! ಬಲಕ್ಕೆ ರೀ!"

ಅಪ್ಪ ಚಕ್ರ ತಿರುಗಿಸಿ ಬ್ರೇಕಿನ ಮೇಲೆ ನಿಂತೇಬಿಟ್ಟರು. ಎಡಗಡೆಯ ಗಾಲಿ ಡಾಂಬರು ಬಿಟ್ಟು ಜಲ್ಲಿಯಲ್ಲಿ ಜಾರಿ, ಗಿಡ್ಡ ಕಲ್ಲನ್ನು ಉಜ್ಜಿಕೊಂಡು ನಿಂತಿತು. ಒಂದಷ್ಟು ಜಲ್ಲಿ ಕೆಳಗೆ ಉರುಳಿತು. ಅದು ನೀರಿಗೆ ಬಿದ್ದ ಸದ್ದು ಬಹಳ ಹೊತ್ತು ಬರಲಿಲ್ಲ. ನಾನು ಗುಬ್ಬಿಯನ್ನು ಎದೆಗೆ ಅವಚಿಕೊಂಡಿದ್ದೆ.

ಮೊದಲು ಮಾತಾಡಿದ್ದು ಗುಬ್ಬಿಯೇ. "ಅಜ್ಜಿ ಹೇಳ್ಲೇ ಇಲ್ಲ. ಅಜ್ಜಿ ಹೇಳಿದ್ರೇನೇ ಅಜ್ಜ ತಿರುಗ್ಸೋದು."

ಐದು ವರ್ಷದ ಕೂಸಿಗೆ ಕಂಡದ್ದು ನನಗೆ ಕಂಡಿರಲಿಲ್ಲ.

"ಎಷ್ಟು ದಿನದಿಂದ?" ಎಂದು ಕೇಳಿದೆ.

"ಎರಡು ವರ್ಷ" ಎಂದಳು ಅಮ್ಮ. "ಕಣ್ಣಿನ ನಟ್ಟನಡುವೆ ಮಂಜು ಕವಿದ ಹಾಗಂತೆ. ಡಾಕ್ಟರು ಕೈ ಚೆಲ್ಲಿಬಿಟ್ರು. ಚಕ್ರ ಕಿತ್ಕೊಂಡ್ರೆ ಈ ಮನುಷ್ಯನಲ್ಲಿ ಇನ್ನೇನು ಉಳಿಯತ್ತೆ ಅಂತ ನಾನೇ..."

"ಮಗು ಇತ್ತಲ್ಲಮ್ಮ ಒಳಗೆ" ಎಂದೆ. ಮೈಯೆಲ್ಲ ಉರಿದುಹೋಯಿತು. ಇಬ್ಬರನ್ನೂ ಬಾಯಿಗೆ ಬಂದಂತೆ ಬೈಯಬೇಕೆನಿಸಿತು. ಆದರೆ ಅಮ್ಮ ತಿರುಗಿ ನೋಡಿದ ಆ ಮುಖ ಕಣ್ಣ ಮುಂದಿನಿಂದ ಹೋಗಲೊಲ್ಲದು. ಅವಳ ಬಾಯಿ ಮುಚ್ಚಿಸಿದ್ದು ನಾನೇ.

ಅಪ್ಪ ಕೀಲಿಕೈ ಕಿತ್ತು, ತಲೆ ಎತ್ತದೆ ಹಿಂದಕ್ಕೆ ಚಾಚಿದರು. "ಕರಾರು ಕರಾರೇ" ಎಂದರು.

ನಾನು ಚಕ್ರದ ಮುಂದೆ ಕೂತೆ. ಅಮ್ಮ ಗುಬ್ಬಿಯ ಪಕ್ಕಕ್ಕೆ ಹೋದಳು. ಅಮ್ಮನ ಜಾಗದಲ್ಲಿ, ಸಮುದ್ರದ ಬದಿಗೆ, ಅಪ್ಪ ಕೂತರು. ಎರಡು ತಿರುವು ದಾಟಿದೆವು. ಆಮೇಲೆ ಅಪ್ಪ ಗಾಜು ಇಳಿಸಿ ಮುಖವನ್ನು ಗಾಳಿಗೆ ಒಡ್ಡಿದರು.

"ಈಗ ನೋಡಬಹುದು ನಾನು" ಎಂದರು. ಆಮೇಲೆ ಹಿಂದಕ್ಕೆ ತಿರುಗಿ ಅಮ್ಮನನ್ನು ಕೇಳಿದರು, "ಹೆಂಗಿದೆಯೇ?"

"ನನಗೇನು ಗೊತ್ತು" ಎಂದಳು ಅಮ್ಮ. "ಎರಡು ವರ್ಷದಿಂದ ನಾನೂ ರಸ್ತೇನೇ ನೋಡ್ತಿದ್ದೆ."

ರಸ್ತೆ ಅಗಲವಾದಲ್ಲಿ ನಾನು ಕಾರು ನಿಲ್ಲಿಸಿದೆ.

"ಈಗ ನೋಡಿ ಹೇಳಮ್ಮ" ಎಂದೆ. "ನಿಧಾನಕ್ಕೆ ಹೇಳು. ನಾನು ಅಡ್ಡ ಮಾತಾಡಲ್ಲ."