ಸ್ಟೀಮಕ್ಕ ಹೊರಟಳು

ಗಂಟುಗಳಿಗೆ ಅಂಟಿಸಿದ್ದ ಟೇಪಿನ ಮೇಲಿನ ಗೆರೆಗಳು ಈ ಸಲವೂ ಕಪ್ಪಾಗಲಿಲ್ಲ. ಚರ್ಚಿನ ಹಿಂದಿನ ಅಂಗಳದಲ್ಲಿ ಸೀಮೆಎಣ್ಣೆ ಸ್ಟೌವಿನ ಸುತ್ತ ನಿಂತವರೆಲ್ಲ ಸರ್ಜನ್ನರ ಮುಖ ನೋಡಿದರು. ಚರ್ಚಿನ ವೈದ್ಯಕೀಯ ತಂಡ ಸಮುದ್ರ ದಾಟಿ ಹೊರಡಲು ಇನ್ನು ಹನ್ನೆರಡೇ ದಿನ. ಹೋಗುವ ದ್ವೀಪದಲ್ಲಿ ಕರೆಂಟು ಇವತ್ತು ಬಂದರೆ ನಾಳೆ ಇಲ್ಲ. ಕತ್ತರಿ, ಚಿಮಟಗಳನ್ನೆಲ್ಲ ಒಲೆಯ ಮೇಲಿಡುವ ಈ ಹಳೆಯ ಹಬೆ ಹಂಡೆಯಲ್ಲೇ ಶುದ್ಧ ಮಾಡಬೇಕು. ಒಳಗೆ ಕ್ರಿಮಿ ಸಾಯುವಷ್ಟು ಹಬೆ ತಾಗಿದರೆ ಗೆರೆ ಕಪ್ಪಾಗುತ್ತದೆ. ಇಲ್ಲದಿದ್ದರೆ ಹೀಗೆ ಬಿಳಿಚಿಕೊಂಡು ಅಣಕಿಸುತ್ತದೆ.

"ಹಾಗಾದ್ರೆ ಆಪರೇಷನ್ ಬೇಡ. ಬರೀ ಮಾತ್ರೆ ಕೊಟ್ಟು ಬರೋಣ," ಎಂದರು ಸರ್ಜನ್. ಹರ್ನಿಯಾ ಹೊತ್ತುಕೊಂಡೇ ವರ್ಷಗಟ್ಟಲೆ ಬಲೆ ಎಳೆಯುತ್ತಿದ್ದ ಆ ದ್ವೀಪದ ಇಪ್ಪತ್ತಾರು ಬೆಸ್ತರ ಪಟ್ಟಿ ಅವರ ಕೈಯಲ್ಲೇ ಇತ್ತು.

ಪೆಟ್ಟಿಗೆಗೆ ಬ್ಯಾಂಡೇಜು ತುಂಬುತ್ತಿದ್ದ ಸ್ಟೀಮಕ್ಕ ಎದ್ದು ಬಂದಳು. ಆಸ್ಪತ್ರೆಯಲ್ಲಿ ಆಪರೇಷನ್ ಸಾಮಾನುಗಳನ್ನು ಹಬೆಗಿಡುವ ಕೋಣೆಯಲ್ಲೇ ಇಪ್ಪತ್ತೆಂಟು ವರ್ಷ ಸವೆಸಿದವಳು. ಹೆಸರೂ ಅಲ್ಲೇ ಅಂಟಿಕೊಂಡಿತ್ತು. ಯಾರು ಯಾರು ಬರುತ್ತೀರಿ ಎಂದು ಚರ್ಚಿನಲ್ಲಿ ಕೇಳಿದಾಗ ಅವಳು ಕೈ ಎತ್ತಿರಲಿಲ್ಲ. ಡಾಕ್ಟರು ನರ್ಸುಗಳ ನಡುವೆ ತನಗೇನು ಕೆಲಸ ಎಂದುಕೊಂಡಿದ್ದಳು.

"ಗಾಳಿ ಬಿಟ್ರಾ?" ಎಂದು ಕೇಳಿದಳು.

ಟೆಕ್ನಿಷಿಯನ್ ಹುಡುಗಿ ಪಿಳಿಪಿಳಿ ನೋಡಿದಳು. "ಯಾವ ಗಾಳಿ ಅಕ್ಕ? ನಮ್ ಮಿಷಿನ್ನಲ್ಲಿ ಬಟನ್ ಒತ್ತಿದ್ರೆ ಎಲ್ಲಾ ಅದೇ ಮಾಡ್ಕೊಳುತ್ತೆ."

"ಇದಕ್ಕೆ ಬಟನ್ನೂ ಇಲ್ಲ, ಬುದ್ಧೀನೂ ಇಲ್ಲಮ್ಮ. ಬುದ್ಧಿ ನಾವೇ ಕೊಡ್ಬೇಕು."

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಹಂಡೆ ಆರಿದ ಮೇಲೆ, ಒತ್ತೊತ್ತಾಗಿ ತುರುಕಿದ್ದ ಸಾಮಾನಿನ ಗಂಟುಗಳನ್ನು ತೆಗೆದು, ನಡುವೆ ಹಬೆ ಆಡುವಂತೆ ಸಡಿಲವಾಗಿ ನಿಲ್ಲಿಸಿದಳು. ಮತ್ತೆ ಸ್ಟೌವು ಹೊತ್ತಿತು. ಮೇಲಿನ ಕಿಂಡಿ ಮೊದಲು ಪುಸುಪುಸು ಎಂದಿತು, ಕೆಮ್ಮಿತು. "ಮುಚ್ಲಾ?" ಎಂದಳು ಹುಡುಗಿ. "ತಡಿ." ಒಳಗಿನ ಗಾಳಿಯೆಲ್ಲ ಹೊರಹೋಗಿ, ಒಂದೇ ಸಮನೆ ಸುಯ್ಯೆಂದು ಹಬೆ ಹೊಮ್ಮಿದ ಮೇಲಷ್ಟೇ ಸ್ಟೀಮಕ್ಕ ಕಿಂಡಿ ಮುಚ್ಚಿದಳು. ಒತ್ತಡದ ಮುಳ್ಳು ಹದಿನೈದಕ್ಕೆ ಏರಿ ನಿಂತಿತು. ಇನ್ನು ಅರ್ಧ ಗಂಟೆ.

ಪಾಸ್ಟರು ಹಂಡೆಯ ಪಕ್ಕದಲ್ಲೇ ಕಣ್ಣು ಮುಚ್ಚಿ ನಿಂತರು.

"ಅಯ್ಯನೋರೆ, ಪ್ರಾರ್ಥನೆ ಮಾಡಿ. ಸ್ವಲ್ಪ ದೂರ ನಿಂತ್ಕೊಂಡು ಮಾಡಿ, ಮುಖ ಸುಟ್ಟೀತು."

ಎಲ್ಲರೂ ನಕ್ಕರು. ನಗದಿದ್ದವಳು ಅವಳೊಬ್ಬಳೇ; ಅವಳ ಕಣ್ಣು ಮುಳ್ಳಿನ ಮೇಲೇ ಇತ್ತು. ಹಂಡೆ ಆರಿ ಮುಚ್ಚಳ ತೆಗೆದಾಗ ಹುಡುಗಿ ಕಿರುಚಿಯೇಬಿಟ್ಟಳು. ಗೆರೆಗಳು ಕಾಡಿಗೆ ತೀಡಿದಂತೆ ಕಪ್ಪಗಿದ್ದವು.

"ನಿಮ್ಹತ್ರ ಪಾಸ್‌ಪೋರ್ಟ್ ಇದೆಯೇನಮ್ಮಾ?" ಸರ್ಜನ್ ಕೇಳಿದರು.

"ಇದೆ ಸಾರ್. ಮಗಳ ಬಾಣಂತನಕ್ಕೆ ಹೋಗೋಣ ಅಂತ ಮಾಡಿಸಿದ್ದು. ಕೊನೆಗೆ ಅವಳೇ ಇಲ್ಲಿಗೆ ಬಂದ್ಲು."

"ಈ ಹಂಡೆಗೆ ಬುದ್ಧಿ ಕೊಡೋರು ನೀವೇ. ಹೊರಡಿ ನಮ್ಜೊತೆ."

ಮನೆ ಸೇರುವವರೆಗೆ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. "ಮೂವತ್ತು ವರ್ಷ ಬಸ್ ಓಡಿಸ್ದೋನು ನಾನು, ಲೋಕ ಸುತ್ತೋಳು ನೀನಾ!" ಎಂದ ಗಂಡ. ಎಂದವನೇ ಸ್ಟೂಲು ಹಾಕಿಕೊಂಡು ಅಟ್ಟದಿಂದ ಸೂಟ್‌ಕೇಸ್ ಇಳಿಸಿದ. ಅಂದಿನಿಂದ ಅವಳು ತುಂಬಿದ್ದೇ ತುಂಬಿದ್ದು, ತೆಗೆದದ್ದೇ ತೆಗೆದದ್ದು.

ಹೊರಡುವ ಬೆಳಿಗ್ಗೆ ಜಿಪ್ಪು ಮುಚ್ಚಲೊಲ್ಲದು.

"ರೀ, ಸ್ವಲ್ಪ ಮೇಲೆ ಕೂತ್ಕೊಳ್ರೀ."

ಅವನು ಕೂತ. ಅವಳು ಮೊಣಕಾಲೂರಿ, ಹಲ್ಲು ಕಚ್ಚಿ, ಜಿಪ್ಪನ್ನು ಸುತ್ತಲೂ ಎಳೆದು ಮುಗಿಸಿದಳು. "ಆಯ್ತು, ಏಳಿ. ವ್ಯಾನ್ ಬಂತು."

ಹೊರಗೆ ಹಾರ್ನು ಎರಡು ಸಲ ಕೂಗಿತು. ಅವನು ಎರಡೂ ಅಂಗೈಗಳನ್ನು ಸೂಟ್‌ಕೇಸಿನ ಮೇಲೆ ಊರಿ, ಕೂತೇ ಇದ್ದ.