ಗೋಡೆ ಪಕ್ಕದ ಎಪ್ಪತ್ತು ಹೆಜ್ಜೆ

ಆ ಖಾಲಿ ಜಾಗವನ್ನು ಉದ್ಧಾರ ಮಾಡಲು ವಾಸ್ತುಶಿಲ್ಪದ ಹನ್ನೆರಡು ವಿದ್ಯಾರ್ಥಿಗಳು ಬಂದಿಳಿದಾಗ ಓಣಿಯವರೆಲ್ಲ ಬಾಗಿಲಿಗೆ ಬಂದು ನಿಂತರು. ಹದಿನೈದು ವರ್ಷದಿಂದ ಅಲ್ಲಿಗೆ ಬರುತ್ತಿದ್ದುದು ಕಸ ಮಾತ್ರ. ಕಾಲೇಜು ಓದಿದವರು ಬಂದಿದ್ದು ಅದೇ ಮೊದಲು.

ಹಳೆಯ ಛಾಪಾಖಾನೆಯನ್ನು ಕೆಡವಿದ ಮೇಲೆ ಉಳಿದ ಜಾಗ ಅದು. ಇಟ್ಟಿಗೆ ಚೂರು, ಎದೆಯೆತ್ತರದ ಕಳೆ, ಯಾರೋ ತಂದೆಸೆದ ಕಮೋಡು, ಜೊತೆಗೆ 'ಇಲ್ಲಿನ ವಸ್ತು ಮುಟ್ಟಿದರೆ ದಂಡ' ಎಂಬ ಫಲಕ. ಆ ಕಡೆ ಬಸ್ಸು ಓಡಾಡುವ ರಸ್ತೆ, ಈ ಕಡೆ ಟೈಲರಮ್ಮನ ಮನೆಯ ಹಿಂಬಾಗಿಲು. ಗೋಡೆ ಪಕ್ಕಕ್ಕೇ ಹೋದರೆ ನಡುವೆ ಎಪ್ಪತ್ತು ಹೆಜ್ಜೆ. ಅಳತೆಯ ವಿಷಯದಲ್ಲಿ ಟೈಲರಮ್ಮ ಸುಳ್ಳು ಹೇಳುವವಳಲ್ಲ.

ಆ ಎಪ್ಪತ್ತು ಹೆಜ್ಜೆ ಅವಳಿಗೆ ಬೇಕಾಗಿದ್ದವು. ಅವಳ ಅಕ್ಕ ಬಿದ್ದು ಸೊಂಟ ಮುರಿದುಕೊಂಡು ಗಾಲಿಕುರ್ಚಿ ಸೇರಿದ್ದಳು. ಮುಂಬಾಗಿಲಿಗೆ ಹನ್ನೊಂದು ಮೆಟ್ಟಿಲು. ಆಸ್ಪತ್ರೆಗೆ ಹೋಗಬೇಕೆಂದರೆ ನಾಲ್ಕು ಗಂಡಸರನ್ನು ಗೋಗರೆಯಬೇಕು. ಕಳೆದ ಸಲ ಅವರಲ್ಲೊಬ್ಬ ಫೋನು ಬಂತೆಂದು ಕೈಬಿಟ್ಟಿದ್ದ. ಅಂದಿನಿಂದ ಅಕ್ಕ ಹೊಸ್ತಿಲು ದಾಟಿರಲಿಲ್ಲ. ವ್ಯಾಯಾಮ ಶುರು ಮಾಡದಿದ್ದರೆ ಕಾಲು ಕಟ್ಟಿಗೆಯಾಗುತ್ತದೆ ಎಂದು ಡಾಕ್ಟರು ಹೇಳಿ ಮೂರು ತಿಂಗಳಾಗಿತ್ತು.

ಓಣಿಯ ಸಂಘ ಕಾಲೇಜಿಗೆ ಅರ್ಜಿ ಬರೆದಾಗ ಕೆಳಗೆ ಮೊದಲ ಸಹಿ ಹಾಕಿದ್ದು ಅವಳೇ.

ಮೊದಲ ಸಭೆಯಲ್ಲಿ ಎಲ್ಲರಿಗೂ ಬಣ್ಣದ ಚೀಟಿ ಹಂಚಿದರು. 'ಹಿಂಬಾಗಿಲಿನಿಂದ ರಸ್ತೆಯವರೆಗೆ, ಗೋಡೆ ಪಕ್ಕ, ಗಾಲಿಕುರ್ಚಿ ಹೋಗುವಷ್ಟು ಸಮನಾದ ದಾರಿ' ಎಂದು ಅವಳು ಎರಡು ಸಲ ತಿದ್ದಿ ಬರೆದಳು. ತಂಡದ ಮುಖಂಡ ಅದನ್ನು ಭಕ್ತಿಯಿಂದ ಓದಿ, 'ಕನಸುಗಳು' ಎಂಬ ಹಲಗೆಗೆ ಅಂಟಿಸಿದ. ಸುಡುಬಿಸಿಲಲ್ಲೂ ಉಣ್ಣೆಯ ಟೋಪಿ ತೆಗೆಯದ ಅವನನ್ನು ಓಣಿ ಅಷ್ಟರಲ್ಲೇ ಟೋಪಿ ಎಂದು ಕರೆಯತೊಡಗಿತ್ತು.

"ಜನ ಬಾಯಲ್ಲಿ ಹೇಳೋದೇ ಬೇರೆ ಆಂಟಿ, ಕಾಲಲ್ಲಿ ಹೇಳೋದೇ ಬೇರೆ," ಎಂದ ಟೋಪಿ. "ಎಲ್ಲಿ ಹುಲ್ಲು ಸವೆದಿರತ್ತೋ ಅದೇ ಜನರ ನಿಜವಾದ ದಾರಿ. ನಾವು ನೆಲ ಓದ್ತೀವಿ."

ಓದಿದರು. ಮೂರು ವಾರ ಟೇಪು ಹಿಡಿದು, ಗೂಟ ಹೊಡೆದು ಓದಿದರು. ಓದು ಬಲು ಆಯಾಸದ ಕೆಲಸವಾದ್ದರಿಂದ ದಿನಕ್ಕೆ ಆರು ಸಲ ಹನ್ನೆರಡೂ ಮಂದಿ ಜಾಗದ ನಟ್ಟನಡುವೆ ಕಳೆ ತುಳಿದುಕೊಂಡು, ಮೂಲೆಯ ಒಡಕು ಗೋಡೆ ದಾಟಿ ಟೀ ಅಂಗಡಿಗೆ ಹೋಗಿಬಂದರು. ನಾಲ್ಕನೆಯ ವಾರ ಮಹಡಿಯಿಂದ ಫೋಟೋ ತೆಗೆದರೆ, ಆಹಾ! ಕಳೆಯ ನಡುವೆ ಬೈತಲೆ ತೆಗೆದಂಥ ದಾರಿ.

ಸಂಘದ ಕೋಣೆಯಲ್ಲಿ ಜಾಗದ ಪುಟ್ಟ ಮಾದರಿ ಜೋಡಿಸಿಟ್ಟರು. ಸ್ಪಂಜಿನ ಮರಗಳ ನಡುವಿನಿಂದ ಕಲ್ಲುಹಾಸಿನ ಹಾದಿಯೊಂದು ಬಳುಕುತ್ತ ಟೀ ಅಂಗಡಿಗೆ ಹೋಗುತ್ತಿತ್ತು. ಗೋಡೆ ಪಕ್ಕಕ್ಕೆ ಐದು ಹಂತದ ಕಲ್ಲಿನ ಕಟ್ಟೆ, ಜನ ಕೂತು ಸಂವಾದ ಮಾಡಲು. ಟೀ ಅಂಗಡಿಯವನು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ.

ಆ ಕಟ್ಟೆ ಎದ್ದರೆ ಅಕ್ಕ ಮನೆಯೊಳಗೇ ಕಟ್ಟಿಗೆ. ಮೂರು ಸಲ ಮನಸ್ಸಿನಲ್ಲೇ ವಾಕ್ಯ ಜೋಡಿಸಿಕೊಂಡು ಟೈಲರಮ್ಮ ಎದ್ದುನಿಂತಳು.

"ಅದು ಜನರ ದಾರಿ ಅಲ್ಲಪ್ಪ. ನೀವೇ ಟೀ ಕುಡಿಯೋಕೆ ಹೋಗಿ ಹೋಗಿ ಆದದ್ದು."

ಕೋಣೆಯಲ್ಲಿ ಕಿಸಕ್ಕೆಂದು ನಗು. ವಿದ್ಯಾರ್ಥಿಗಳ ಜೊತೆ ಬಂದಿದ್ದ ಪ್ರೊಫೆಸರು ಕನ್ನಡಕ ತೆಗೆದು ಒರೆಸಿದರು. "ಒಳ್ಳೆ ಅಭಿಪ್ರಾಯ. ಆದ್ರೆ ಗೋಡೆ ಪಕ್ಕ ಒಬ್ಬರೂ ನಡೆದ ಗುರುತೇ ಇಲ್ವಲ್ಲ ತಾಯಿ?"

"ನಡೆಯೋಕಾಗಲ್ಲ ಅಂತಾನೇ ದಾರಿ ಕೇಳಿದ್ದು ಸಾರ್."

ಪ್ರೊಫೆಸರು ಅದನ್ನೂ ಬರೆದುಕೊಂಡರು. ಸೋಮವಾರ ಸುಣ್ಣದ ಗೆರೆ ಎಳೆಯುವುದೆಂದು ತೀರ್ಮಾನವಾಯಿತು.

ಮನೆಗೆ ಬಂದು ವಿಷಯ ಹೇಳಿದರೆ ಅಕ್ಕ ಗೊಳ್ಳೆಂದು ನಕ್ಕಳು. "ಅವರಿಗೆ ಗುರುತು ಬೇಕು ತಾನೆ? ಅಷ್ಟಕ್ಕೆ ಯಾಕೆ ಅಳುಮೋರೆ ಹಾಕ್ತೀಯ? ತಳ್ಳೇ ನನ್ನ."

ಕಾಲೇಜಿನ ಹೆಸರಲ್ಲಿ ಅನುಮತಿ ಬಂದಿದ್ದರಿಂದ ಫಲಕದ ಭಯ ಈಗ ಇರಲಿಲ್ಲ. ಓಣಿಯ ಹೆಂಗಸರು ಎರಡು ದಿನ ಗುದ್ದಲಿ, ಬುಟ್ಟಿ ಹಿಡಿದು ಗೋಡೆ ಪಕ್ಕದ ಇಟ್ಟಿಗೆ ಚೂರು ಸರಿಸಿದರು. ಶನಿವಾರ ಬೆಳಗ್ಗೆ ಮೆರವಣಿಗೆ ಹೊರಟಿತು. ಗಾಲಿ ಹಸಿಮಣ್ಣಿನಲ್ಲಿ ಹೂತಿತು, ಎತ್ತಿದರು. ಕುರ್ಚಿ ವಾಲಿತು, ಟೈಲರಮ್ಮನ ಜೀವ ಬಾಯಿಗೆ ಬಂತು.

"ಹೊಲ ಉಳ್ತಿದ್ದೀಯೇನೇ? ಸ್ವಲ್ಪ ಮೆತ್ತಗೆ!" ಅಕ್ಕ ಗದರಿದಳು.

ಹೋದರು, ಬಂದರು, ಮತ್ತೆ ಹೋದರು. ಎದುರು ಮನೆಯವಳು ಮಗುವಿನ ಗಾಡಿ ತಂದಳು. ತರಕಾರಿಯವನು ತಳ್ಳುಗಾಡಿಯನ್ನು ಖಾಲಿಯಾಗಿಯೇ ನಾಲ್ಕು ಸುತ್ತು ಉರುಳಿಸಿದ. ಭಾನುವಾರ ಸಂಜೆಗೆ ಗೋಡೆಯುದ್ದಕ್ಕೂ, ಕುರುಡನೂ ತಡವಿ ಹೇಳುವಂಥ ಎರಡು ಗೆರೆ ಬಿದ್ದಿದ್ದವು.

ಸೋಮವಾರ ಸುಣ್ಣದ ಬುಟ್ಟಿ ಹೊತ್ತು ಬಂದ ಟೋಪಿ ಅಲ್ಲೇ ಮಂಡಿಯೂರಿದ. "ಸಾರ್! ಸರ್ವೆಯಲ್ಲಿ ಇದು ನಮ್ಮ ಕಣ್ಣಿಗೇ ಬಿದ್ದಿಲ್ಲ!"

ಪ್ರೊಫೆಸರು ಗೆರೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಅಲ್ಲೇ ಇದ್ದ ಅಕ್ಕತಂಗಿಯರತ್ತ ತಿರುಗಿ ಗಾಲಿಕುರ್ಚಿಯ ಕೆಸರು ಮೆತ್ತಿದ ಚಕ್ರ ನೋಡಿದರು. ಅರ್ಥವಾಗಿರಬೇಕು, ಆದರೆ ಅರ್ಥವಾಗಿದ್ದನ್ನು ಒಪ್ಪಿಕೊಂಡರೆ ಆ ಇನ್ನೊಂದು ದಾರಿಯ ವಿಷಯವನ್ನೂ ಒಪ್ಪಬೇಕಾಗುತ್ತದೆ. "ನೆಲ ಮಾತಾಡಿದೆ," ಎಂದರು ಗಂಭೀರವಾಗಿ. "ಕಟ್ಟೆ ಆ ಕಡೆಗೆ ಹೋಗಲಿ."

ನಿಜ ಹೇಳಿಬಿಡಲೇ ಎಂದು ಟೈಲರಮ್ಮನ ನಾಲಿಗೆ ತುದಿಗೆ ಬಂದಿತ್ತು. ಅಕ್ಕ ಅವಳ ಸೆರಗು ಹಿಡಿದೆಳೆದು ಬಾಯಿ ಮುಚ್ಚಿಸಿದಳು.

ಸುಣ್ಣ ಬಿತ್ತು. ತಿಂಗಳಲ್ಲಿ ಕಲ್ಲು ಬಂತು. ಕಲ್ಲು ಕೂತ ಮರುದಿನವೇ ಅಕ್ಕ ಆಸ್ಪತ್ರೆಗೆ ಹೊರಟಳು. ರಸ್ತೆಯ ಬಾಯಿಗೆ ಬಂದವಳೇ "ನಿಲ್ಸು" ಎಂದಳು. ಬಸ್ಸು, ಸೈಕಲ್ಲು, ಜಗಳವಾಡುತ್ತ ಹೋಗುವ ಗಂಡಹೆಂಡಿರು, ಎಲ್ಲವನ್ನೂ ಬಾಕಿ ವಸೂಲಿ ಮಾಡುವವಳಂತೆ ನೋಡುತ್ತ ಕೂತಳು.

ಟೋಪಿ ಪುಸ್ತಕ ಬಿಚ್ಚಿಕೊಂಡು ಓಡಿಬಂದ. "ಅಜ್ಜಿ, ಸರಿಯಾಗಿ ಇದೇ ಜಾಗದಲ್ಲಿ ಯಾಕೆ ನಿಂತ್ರಿ? ನಮ್ಮ ಅಧ್ಯಯನಕ್ಕೆ ಬೇಕಿತ್ತು."

"ನನ್ನ ತಂಗಿ ತಳ್ಳಿ ತಳ್ಳಿ ಸುಸ್ತಾಗಿದಾಳೆ ಕಣಪ್ಪ," ಎಂದಳು ಅಕ್ಕ. "ಆಸ್ಪತ್ರೆಗೆ ಇನ್ನೂ ಮುಂದೆ ಏರು ರಸ್ತೆ ಇದೆ. ಪುಸ್ತಕ ಅವಳ ಕೈಲಿ ಕೊಟ್ಟು ಸ್ವಲ್ಪ ತಳ್ಳು. ಏರು ಎಷ್ಟಿದೆ ಅಂತ ಚೆನ್ನಾಗಿ ಅಧ್ಯಯನ ಆಗತ್ತೆ."

ಅವನು ತಳ್ಳಿದ. ಏದುಸಿರು ಬಿಡುತ್ತ, ಟೋಪಿ ತೆಗೆದು ಜೇಬಿಗೆ ತುರುಕಿ ತಳ್ಳಿದ. ಪುಸ್ತಕವನ್ನು ಎದೆಗವಚಿಕೊಂಡು ಟೈಲರಮ್ಮ ಹಿಂದೆ ನಡೆದಳು. ಕುರ್ಚಿ ವಾಲಿದರೆ ಹಿಡಿಯಲೆಂದು ಒಂದು ಕೈ ಮಾತ್ರ ಮುಂದೆ ಚಾಚಿಯೇ ಇತ್ತು.